ದೃಷ್ಟಿ ತೆಗೆದ ಜೆಲ್ಲಿ

ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳಿಗೆ ಮೆಣಸಿನಕಾಯಿ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ಮೊನ್ನೆ ಶನಿವಾರದವರೆಗೂ ನಂಬಿದ್ದೆ. ಸಂಜೆಯಾದರೆ ಮಂಡಕ್ಕಿ ಜೊತೆ ಎರಡು ಮಿರ್ಚಿ ತಿಂದು, ಮೂಗು ಒರೆಸಿಕೊಂಡು, ಇನ್ನೊಂದು ಹಾಕಿ ಅನ್ನುವ ಊರು ನಮ್ಮದು. ಅಂಥ ನನ್ನ ಕಣ್ಣಲ್ಲಿ ನೀರು ತರಿಸಿದ್ದು ಸಕ್ಕರೆ ಸುರಿದು ಮಾಡುವ ಒಂದು ಸಿಹಿ ಪದಾರ್ಥ. ಹೆಸರು ಹಾಟ್ ಪೆಪ್ಪರ್ ಜೆಲ್ಲಿ.

ಟೆಕ್ಸಾಸ್‌ನಲ್ಲಿರುವ ತಂಗಿ ಫೋಟೋ ಕಳಿಸಿದ್ದಳು. ಕೆಂಪಗೆ, ಗಾಜಿನ ಹಾಗೆ ಮಿಂಚುತ್ತಿತ್ತು. ಅಲ್ಲಿ ಅದನ್ನು ಕ್ರೀಮ್ ಚೀಸ್ ಮೇಲೆ ಸುರಿದು ಬಿಸ್ಕತ್ತಿನ ಜೊತೆ ತಿನ್ನುತ್ತಾರಂತೆ. ಪೆಪ್ಪರ್ ಅಂದರೆ ಇಲ್ಲಿ ಕಾಳುಮೆಣಸಲ್ಲ, ಮೆಣಸಿನಕಾಯಿ. ಎರಡಕ್ಕೂ ಒಂದೇ ಹೆಸರಾ ಅಂತ ನಗು ಬಂತು. ಆಮೇಲೆ ಯೋಚಿಸಿದರೆ ನಾವು ಮಾಡಿದ್ದೂ ಅದನ್ನೇ ಅಲ್ವಾ? ಪೋರ್ಚುಗೀಸರು ತರುವವರೆಗೆ ನಮಗೆ ಮೆಣಸಿನಕಾಯಿಯೇ ಗೊತ್ತಿರಲಿಲ್ಲ, ಬಂದ ಮೇಲೆ ಹಳೇ ಮೆಣಸಿಗೆ ಒಂದು 'ಕಾಯಿ' ಅಂಟಿಸಿ ಸುಮ್ಮನಾದೆವು.

ಹಣ್ಣು ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ, ಸಕ್ಕರೆ, ವಿನೆಗರ್ ಎಲ್ಲ ಸಿಕ್ಕಿತು. ಜೆಲ್ಲಿ ಗಟ್ಟಿಯಾಗೋಕೆ ಹಾಕುವ ಪೆಕ್ಟಿನ್ ಪುಡಿ ಮಾತ್ರ ಸಿಗಲಿಲ್ಲ. ಅಂಗಡಿಯವರು ಚೈನಾ ಗ್ರಾಸ್ ತಂದುಕೊಟ್ಟು, 'ಎಲ್ಲಾ ಒಂದೇ ತಗೊಳ್ರೀ ಅಕ್ಕಾ' ಅಂದರು. ಒಂದೇ ಅಲ್ಲ. ಅದು ಕಡಲಪಾಚಿಯದ್ದು, ಪೆಕ್ಟಿನ್ ಹಣ್ಣಿನದ್ದು. ಹಿತ್ತಲಲ್ಲಿ ಪೇರಲ ಗಿಡ ಇದೆ, ದೋರಗಾಯಿ ಪೇರಲದಲ್ಲಿ ಪೆಕ್ಟಿನ್ ಜಾಸ್ತಿ ಅಂತ ಗೊತ್ತಿತ್ತು. ಅದನ್ನೇ ಬೇಯಿಸಿ ರಸ ತೆಗೆದರಾಯಿತು ಅಂದುಕೊಂಡೆ.

ಇಪ್ಪತ್ತು ಮೆಣಸಿನಕಾಯಿ ಸೀಳಿದೆ. ಖಾರ ಬೀಜದಲ್ಲಿದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಿಜವಾದ ಖಾರ ಇರುವುದು ಬೀಜ ಅಂಟಿಕೊಂಡಿರುತ್ತಲ್ಲ, ಆ ಬಿಳಿ ತಿರುಳಿನಲ್ಲಿ. ಇಷ್ಟು ಗೊತ್ತಿದ್ದೂ ನಾನು ಆ ತಿರುಳನ್ನು ಹೆಬ್ಬೆರಳಿನ ಉಗುರಲ್ಲಿ ಕೆರೆದು ಕೆರೆದು ತೆಗೆದೆ. ಕೈಗವಸು ಹಾಕಿಕೋ ಅಂತ ತಂಗಿ ಬರೆದಿದ್ದಳು. ದಾವಣಗೆರೆಯವಳಿಗೆ ಕೈಗವಸು! ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು ನೋಡಿ. ಮೊದಲು ಉಗುರಿನ ಸಂದಿ, ಆಮೇಲೆ ಬೆರಳು, ಆಮೇಲೆ ಕೂದಲು ಸರಿಸಿಕೊಂಡ ಹಣೆ, ಕೊನೆಗೆ ಮರೆತು ಮುಟ್ಟಿದ ಕಣ್ಣು. ನಲ್ಲಿ ಕೆಳಗೆ ಎಷ್ಟು ಹೊತ್ತು ಕೈಯೊಡ್ಡಿದರೂ ಉರಿ ಇಳಿಯಲಿಲ್ಲ, ಯಾಕೆಂದರೆ ಮೆಣಸಿನಕಾಯಿಯ ಖಾರ ಅಷ್ಟು ಸುಲಭಕ್ಕೆ ನೀರಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಭಾನುವಾರದ ದೋಸೆಗೆ ತಂದಿಟ್ಟಿದ್ದ ಬೆಣ್ಣೆ ತೆಗೆದು ಎರಡೂ ಕೈಗೆ ಬಳಿದುಕೊಂಡು ನಿಂತೆ. ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. 'ದೋಸೆಗೆ ಹಾಕೋವಾಗ ಚಮಚದಾಗ ಅಳೀತೀಯಲ್ಲವ್ವ' ಅಂದರು.

ಮುಂದೆ ಘಾಟು. ವಿನೆಗರ್ ಹಾಕಿ ಮುಚ್ಚಿಟ್ಟಿದ್ದ ಪಾತ್ರೆ ಕುದಿಯುತ್ತಾ ಅಂತ ತಟ್ಟೆ ಸರಿಸಿ ಮುಖ ಬಗ್ಗಿಸಿದ್ದೇ ತಪ್ಪು. ಆ ಹಬೆ ಮೂಗಿಗೆ ಹೋಗಿ, ಗಂಟಲಿಗೆ ಇಳಿದು, ಅಲ್ಲಿಂದ ಹಾಲ್‌ಗೆ ಹೋಗಿ ಟಿವಿ ನೋಡುತ್ತಿದ್ದ ಯಜಮಾನರನ್ನೂ ಮಗನನ್ನೂ ಅಂಗಳಕ್ಕೆ ಓಡಿಸಿತು. ಕಿಟಕಿ ತೆಗೆದೆ. ಎರಡೇ ನಿಮಿಷಕ್ಕೆ ಪಕ್ಕದ ಮನೆಯ ಅಕ್ಕ ಸೆರಗು ಮೂಗಿಗೆ ಹಿಡಿದು ಬಂದು, 'ಯಾರಿಗೆ ದೃಷ್ಟಿ ತೆಗೆದ್ರೀ?' ಅಂತ ಕೇಳಿದರು. ಪಾಪ, ಕಾಳಜಿಯಿಂದಲೇ ಕೇಳಿದ್ದು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ ಅಂದರೆ ದೃಷ್ಟಿ ಆಗಿತ್ತು ಅಂತ ಲೆಕ್ಕ ಅಲ್ವಾ. ಆ ಲೆಕ್ಕದಲ್ಲಿ ಅವತ್ತು ನಮ್ಮ ಮನೆಗೆ ಯಾರ ದೃಷ್ಟಿಯೂ ತಾಗಿರಲಿಲ್ಲ.

ಪೇರಲದ ರಸ ಬಟ್ಟೆಯಲ್ಲಿ ತಾನಾಗೇ ತೊಟ್ಟಿಕ್ಕಬೇಕು, ಹಿಂಡಿದರೆ ಬಗ್ಗಡ. ನಾನು ಹಿಂಡಿದೆ. ಗಾಜಿನಂಥ ಜೆಲ್ಲಿಯ ಆಸೆ ಅಲ್ಲಿಗೆ ಮುಗಿಯಿತು. ಸಕ್ಕರೆ ಬೀಳುತ್ತಲೇ ಹಾಲಿನ ಹಾಗೆ ಉಕ್ಕಿ ಒಲೆಯೆಲ್ಲ ಅಂಟಂಟಾಯಿತು, ಆ ಕಥೆ ಬಿಡಿ.

ಬಾಟಲಿಗೆ ತುಂಬಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ನೀರು. ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಸರಿಯಾಗಿ ಕೂಡಿದರೇ ಜೆಲ್ಲಿ ಹಿಡಿಯುವುದು. ಸಾರು, ಚಟ್ನಿ, ಕೊನೆಗೆ ಹೋಳಿಗೆ ಹೂರಣವೂ ಕಣ್ಣಳತೆಯಲ್ಲೇ ಆಗುವ ಮನೆ ನಮ್ಮದು. ಹಾಗೆ ಕಣ್ಣಳತೆಯಲ್ಲೇ ಸಕ್ಕರೆ ಕಡಿಮೆ ಮಾಡಿದ್ದೆ, ಸಿಹಿ ಜಾಸ್ತಿ ಆಗುತ್ತೆ ಅಂತ. ಅತ್ತೆ ಒಂದು ತೊಟ್ಟು ಬೆರಳಿಗೆ ಹಚ್ಚಿ ಎಳೆದು ನೋಡಿ, 'ಎಳೇನೇ ಬಂದಿಲ್ಲವ್ವ, ಇನ್ನೊಂದಿಷ್ಟು ಸಕ್ಕರೆ ಹಾಕಿ ಕುದಿಸು' ಅಂದರು. ಅಷ್ಟು ಕೇಳಿದ್ದರೆ ಸಾಕಿತ್ತು. ಸಕ್ಕರೆಯೇನೋ ಹಾಕಿದೆ. ಆದರೆ ಈ ಸಲ ಕಣ್ಣಳತೆಯೂ ಬೇಡ, ಬೆರಳಳತೆಯೂ ಬೇಡ, ಪದ್ಧತಿ ಪ್ರಕಾರವೇ ಆಗಲಿ ಅಂತ ಮಗನ ಕೇಕ್ ಥರ್ಮಾಮೀಟರ್ ತಂದು ಪಾತ್ರೆಗೆ ಅದ್ದಿದೆ. ತಂಗಿ ಬರೆದಿದ್ದು 220 ಡಿಗ್ರಿ.

ನೂರು ದಾಟಿತು. 105 ದಾಟಿತು. 110. ಗುಳ್ಳೆಗಳು ದಪ್ಪಗಾಗಿ ಲೊಚಕ್ ಲೊಚಕ್ ಅನ್ನತೊಡಗಿದವು. 120 ದಾಟಿದಾಗ ಅತ್ತೆ, 'ಉಂಡೆ ಪಾಕ ಬಂದೈತೆ, ಇಳಿಸು' ಅಂದರು. ಇನ್ನೂ ನೂರು ಡಿಗ್ರಿ ಇದೆ ಅತ್ತೆ ಅಂದೆ. 130ಕ್ಕೆ ಸೌಟು ತಿರುಗಲು ಒಲ್ಲೆ ಅಂದಾಗ ಹೊಳೆಯಿತು. ಅಮೆರಿಕದ 220 ಅಂದರೆ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಬರೀ 104! ಅದೂ ಸಮುದ್ರ ಮಟ್ಟದಲ್ಲಿ. ನಮ್ಮೂರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98ಕ್ಕೇ ಕುದಿಯುತ್ತೆ, ಅಂದರೆ 102ಕ್ಕೇ ಇಳಿಸಬೇಕಿತ್ತು.

ಗಡಿಬಿಡಿಯಲ್ಲಿ ಅರ್ಧ ಬಾಟಲಿಗೆ, ಉಳಿದಿದ್ದು ಎಣ್ಣೆ ಸವರಿದ ತಟ್ಟೆಗೆ ಸುರಿದೆ. ಬಾಟಲಿಯಲ್ಲಿ ಚಮಚ ನೆಟ್ಟಗೆ ನಿಂತಿದೆ, ಇವತ್ತಿಗೂ. ತಳ ಹಿಡಿದ ಪಾತ್ರೆಗೆ ಬಿಸಿನೀರು ಹಾಕಿದೆ, ಮತ್ತೆ ಅದೇ ಘಾಟು, ಮತ್ತೆ ಎಲ್ಲರೂ ಅಂಗಳಕ್ಕೆ.

ರಾತ್ರಿ ತಂಗಿ ಫೋನ್ ಮಾಡಿ 'ಸೆಟ್ ಆಯ್ತೇನೇ ಅಕ್ಕ?' ಅಂದಳು. ಆಯ್ತು ಕಣೆ, ಚೆನ್ನಾಗೇ ಆಯ್ತು, ಒಂದು ನಿಮಿಷ ತಡಿ ಅಂತ ಫೋನ್ ಕೆಳಗಿಟ್ಟೆ. ಅತ್ತೆಗೆ ಎರಡು ದಿನದಿಂದ ಗಂಟಲು ಕೆರೆತ. ತಟ್ಟೆಯಲ್ಲಿದ್ದ ಒಂದು ಚೂರು ಬಾಯಲ್ಲಿಟ್ಟುಕೊಂಡವರು, 'ಹುಳಿ ಐತೆ, ಖಾರ ಐತೆ, ಹಾಯ್ ಅನಿಸ್ತೈತೆ' ಅಂತ ಇನ್ನೊಂದು ಕೇಳುತ್ತಿದ್ದರು. ಕೈಗೆ ಮುರಿಯುವುದಿಲ್ಲ, ಕುಟ್ಟಾಣಿಯೇ ಬೇಕು.