ಬಂದರು ಅಂದರೆ ಯಾರು ಬಂದರು?

ಕೊಡಗಿಗೂ ಸಮುದ್ರಕ್ಕೂ ಇರುವ ಸಂಬಂಧ ಒಂದೇ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ವಿಮಾನ ಇಳಿಯುವುದಿಲ್ಲ. ರೈಲೂ ಬಂದಿಲ್ಲ. ಆದರೆ ರೈಲು ಹಳಿ ಬಂದಿದೆ. ಅದು ಕಾಡಿನಂಚಿನಲ್ಲಿ ಬೇಲಿಯಾಗಿ ನಿಂತು ಆನೆ ತಡೆಯುವ ಕೆಲಸ ಮಾಡುತ್ತಿದೆ. ಇಂಥ ಜಿಲ್ಲೆಯ ನಮ್ಮ ಊರಲ್ಲಿ ಕಳೆದ ಭಾನುವಾರ ಬಂದರು ಖಾಸಗೀಕರಣದ ಬಗ್ಗೆ ಮೂರೂವರೆ ಗಂಟೆ ಸಭೆ ನಡೆಯಿತು. ನಾನೂ ಹೋಗಿದ್ದೆ. ಕಾಫಿ ಎರಡು ಸಲ ಕೊಟ್ಟರು.

ಎಲ್ಲ ಶುರುವಾದದ್ದು ವಾಟ್ಸ್‌ಆ್ಯಪ್‌ನಿಂದ. 'ಬಂದರು ಖಾಸಗಿಯವರಿಗೆ. ಸ್ಥಳೀಯರಿಗೆ ಭಾರಿ ಸಮುದಾಯ ನಿಧಿ. ತಪ್ಪದೆ ಎಲ್ಲರಿಗೂ ಕಳಿಸಿ.' ಇಷ್ಟೇ ಇತ್ತು. ಯಾವ ಬಂದರು, ಯಾವ ಖಾಸಗಿ, ಎಷ್ಟು ನಿಧಿ, ಒಂದೂ ಇಲ್ಲ. ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರು ಮೊದಲ ಪದ ಓದಿ, "ಯಾರು ಬಂದರು?" ಅಂತ ಕೇಳಿದರು. ಎಲ್ಲರೂ ನಕ್ಕರು. ಈಗ ಯೋಚನೆ ಮಾಡಿದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಬಂದರು ಅಂದ ಮೇಲೆ ಮಂಗಳೂರಿನ ಪಣಂಬೂರಿನದೇ ಇರಬೇಕು ಅಂತ ಊರು ತೀರ್ಮಾನ ಮಾಡಿತು. ಅದಕ್ಕೆ ಕಾರಣವೂ ಉಂಟು. ನಮ್ಮ ಕಾಫಿ ಕುಶಾಲನಗರದ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸಿಕೊಂಡು, ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ ಹಡಗು ಹತ್ತುವುದು ಅಲ್ಲೇ ಜಾಸ್ತಿ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ ಬಂದರು ಅದು. ಅಲ್ಲಿಂದ ಇಲ್ಲಿಯವರೆಗೆ ನಮ್ಮೂರಿನ ಯಾರಿಗೂ ಅದರ ನೆನಪಾಗಿರಲಿಲ್ಲ. ನಿಧಿ ಅಂದ ಕೂಡಲೇ ಆಯಿತು.

ಅಧ್ಯಕ್ಷತೆಗೆ ನಿವೃತ್ತ ಸುಬೇದಾರರನ್ನು ಕೂರಿಸಿದರು. ಅವರು ಸೇನೆಯಲ್ಲಿದ್ದಾಗ ಒಮ್ಮೆ ಹಡಗಿನಲ್ಲಿ ಅಂಡಮಾನಿಗೆ ಹೋಗಿದ್ದರು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿದ್ದರಂತೆ. ಪರವಾಗಿಲ್ಲ, ಊರಲ್ಲಿ ಹಡಗು ಹತ್ತಿದವರು ಅವರೊಬ್ಬರೇ.

ಮೊದಲ ಪ್ರಶ್ನೆ, ನಾವು ಸ್ಥಳೀಯರು ಹೌದೋ ಅಲ್ಲವೋ?

ಕಂಪನಿ ಕಾನೂನಿನಲ್ಲಿ ಈ ಮಾತು ನಿಜವಾಗಿಯೂ ಇದೆ. 2013ರ ಕಾಯ್ದೆಯ 135ನೇ ಸೆಕ್ಷನ್. ಸಾಮಾಜಿಕ ಹೊಣೆಯ ದುಡ್ಡು ಖರ್ಚು ಮಾಡುವಾಗ ಕಂಪನಿ ತಾನಿರುವ ಸ್ಥಳೀಯ ಪ್ರದೇಶಕ್ಕೂ ಅದರ ಸುತ್ತಮುತ್ತಲಿಗೂ ಆದ್ಯತೆ ಕೊಡಬೇಕು ಅಂತ. ಸುತ್ತಮುತ್ತ ಅಂದರೆ ಎಷ್ಟು ದೂರ ಅಂತ ಅದರಲ್ಲಿ ಬರೆದಿಲ್ಲ. ಬರೆಯದಿದ್ದದ್ದೇ ನಮಗೆ ದೊಡ್ಡ ಉಪಕಾರವಾಯಿತು.

ನಿವೃತ್ತ ಮೇಷ್ಟ್ರು ಇತಿಹಾಸ ತೆಗೆದರು. "ಅಮರ ಸುಳ್ಯ ನಮ್ಮ ಕೊಡಗಿನದೇ ಆಗಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನಮ್ಮ ರಾಜರನ್ನು ಇಳಿಸಿ ಅದನ್ನು ಮಂಗಳೂರು ಕಡೆಯ ಕೆನರಾ ಜಿಲ್ಲೆಗೆ ಸೇರಿಸಿತು. 1837ರಲ್ಲಿ ಆ ಕಡೆಯ ರೈತರು ದಂಡು ಕಟ್ಟಿಕೊಂಡು ಹೋಗಿ ಮಂಗಳೂರಲ್ಲೇ ಬಾವುಟ ಹಾರಿಸಿದರು. ಹಾಗಾಗಿ ಮಂಗಳೂರಿನಲ್ಲಿ ನಮಗೆ ಹಕ್ಕಿಲ್ಲ ಅನ್ನುವುದಕ್ಕೆ ಯಾರಿಗೂ ಬಾಯಿಲ್ಲ. ಒಂದು ಕಂಪನಿ ತೆಗೆದುಕೊಂಡದ್ದನ್ನು ಇನ್ನೊಂದು ಕಂಪನಿ ಕೊಡಲಿ." ಭರ್ಜರಿ ಚಪ್ಪಾಳೆ ಬಿತ್ತು. ಆ ದಂಗೆ ಏಳಲು ಒಂದು ಕಾರಣ ಕಂಪನಿ ಕಂದಾಯವನ್ನು ನಗದಿನಲ್ಲೇ ಕಟ್ಟಿ ಅಂದದ್ದು. ಈಗ ನಾವು ಎದ್ದದ್ದು ನಗದಿನಲ್ಲೇ ಕೊಡಿ ಅಂತ. ಮೇಷ್ಟ್ರು ಅದನ್ನು ಹೇಳಲಿಲ್ಲ. ನಾನೂ ಸುಮ್ನೆ ಕೂತೆ.

ಆಮೇಲೆ ನದಿಗಳ ಸರದಿ. ಸೋಮವಾರಪೇಟೆ ಕಡೆಯವರೊಬ್ಬರು ಎದ್ದು, "ಕುಮಾರಧಾರೆ ನಮ್ಮ ಪುಷ್ಪಗಿರಿ ಕಡೆಯಿಂದ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತದೆ. ನೀರು ನಮ್ಮದು, ಬಂದರೂ ನಮ್ಮದು" ಅಂದರು. ಪಾಪ, ಪಣಂಬೂರಿನದು ನೆಲ ತೋಡಿ ಮಾಡಿದ ಬಂದರು. ನೇತ್ರಾವತಿ ಸಮುದ್ರ ಸೇರುವುದು ಅಲ್ಲಿಂದ ದಕ್ಷಿಣಕ್ಕೆ, ಹಳೆ ಬಂದರಿನ ಹತ್ತಿರ. ಹಿಂದಿನ ಬೆಂಚಿನಿಂದ ಯಾರೋ ಇದನ್ನು ಹೇಳಿದಾಗ ಅವರು, "ಸಮುದ್ರಕ್ಕೆ ಬಿದ್ದ ಮೇಲೆ ನೀರಿಗೆ ಉತ್ತರ ದಕ್ಷಿಣ ಗೊತ್ತಾಗುತ್ತದಾ ಮಾರಾಯ?" ಅಂತ ಬಾಯಿ ಮುಚ್ಚಿಸಿದರು. ಪೆಟ್ಟು ಬಿದ್ದದ್ದು ಕುಶಾಲನಗರದವರಿಗೆ. "ನಿಮ್ಮ ಕಾವೇರಿ ಪೂರ್ವಕ್ಕೆ ಹೋಗುತ್ತಾಳೆ. ನೀವು ತಮಿಳುನಾಡಿನ ಪೂಂಪುಹಾರಿನಲ್ಲಿ ಅರ್ಜಿ ಹಾಕಿ" ಅಂದುಬಿಟ್ಟರು. ಅಲ್ಲಿದ್ದ ಹಳೇ ಬಂದರನ್ನು ಸಮುದ್ರವೇ ನುಂಗಿತು ಅಂತ ಕಥೆ ಇದೆ. ಖಾಸಗೀಕರಣದ ಪ್ರಶ್ನೆಯೇ ಅಲ್ಲಿ ಬರಲಿಲ್ಲ.

ನಿಜವಾದ ಸ್ಥಳೀಯರು ಯಾರು ಅಂತ ಕೇಳಿದರೆ, ಬಂದರಿಗೆ ಮನೆ ಗದ್ದೆ ಬಿಟ್ಟು ಕೃಷ್ಣಾಪುರ, ಕಾಟಿಪಳ್ಳದ ಕಡೆ ಹೋಗಿ ನೆಲೆಸಿದ ಸಂಸಾರಗಳು. ನಮ್ಮೂರಿಗೆ ಆ ಕಡೆಯಿಂದ ಸೊಸೆಯಾಗಿ ಬಂದವರೊಬ್ಬರಿದ್ದಾರೆ. ಸಭೆಯ ಮಧ್ಯದಲ್ಲೇ ತವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಅಣ್ಣ ಎಲ್ಲ ಕೇಳಿಸಿಕೊಂಡು, "ನೀವು ಎಲ್ಲಿಂದ ಮಾತಾಡುವುದು ತಂಗಿ, ಮಡಿಕೇರಿಯಿಂದಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬರೀ ನಗು ಕೇಳಿಸಿತು. ನೆಟ್‌ವರ್ಕ್ ಸರಿ ಇಲ್ಲ ಅಂತ ಸುಬೇದಾರರು ಫೋನ್ ಇಡಿಸಿದರು.

ನಮ್ಮೂರಿನ ಒಬ್ಬಳು ಹುಡುಗಿ ಮೈಸೂರಿನಲ್ಲಿ ಸಿಎ ಓದುತ್ತಾಳೆ. ರಜೆಗೆ ಬಂದಿದ್ದಳು. ಅವಳನ್ನು ನಿಲ್ಲಿಸಿ, "ಎಷ್ಟು ಬರುತ್ತದೆ ಅಂತ ಹೇಳಮ್ಮ" ಅಂದರು.

"ಎರಡು ಪರ್ಸೆಂಟ್ ಮಾವ."

"ಬಂದರಿನದಾ?"

"ಬಂದರಿನದಲ್ಲ. ಹಿಂದಿನ ಮೂರು ವರ್ಷದ ನಿವ್ವಳ ಲಾಭದ ಸರಾಸರಿ ತೆಗೆದು ಅದರಲ್ಲಿ ಎರಡು ಪರ್ಸೆಂಟ್. ಅದೂ ಎಲ್ಲ ಕಂಪನಿಗೂ ಅಲ್ಲ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲವಾದರೆ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇರಬೇಕು. ಹೊಸ ಕಂಪನಿ ಸಾಲ ಮಾಡಿ ಕ್ರೇನ್ ತಂದಿರುತ್ತದೆ. ಮೊದಲ ಕೆಲವು ವರ್ಷ ಲಾಭವೇ ತೋರಿಸದಿದ್ದರೆ? ಸೊನ್ನೆಗೆ ಎರಡು ಪರ್ಸೆಂಟ್ ಎಷ್ಟು ಮಾವ?"

"ಅದನ್ನು ಮುಂದಿನ ಸಭೆಯಲ್ಲಿ ಲೆಕ್ಕ ಹಾಕೋಣ" ಅಂದರು ಸುಬೇದಾರರು.

ಬಂದರು ಮಾರುವುದಲ್ಲ, ನೆಲ ಸರ್ಕಾರದ ಬಂದರು ಪ್ರಾಧಿಕಾರದ ಹತ್ತಿರವೇ ಇರುತ್ತದೆ, ಹಡಗು ನಿಲ್ಲುವ ಕಟ್ಟೆಗಳನ್ನು ಒಂದೊಂದಾಗಿ ಸಾಮಾನ್ಯವಾಗಿ 30 ವರ್ಷಕ್ಕೆ ಗುತ್ತಿಗೆ ಕೊಡುವುದು ಅಂತಲೂ ಅವಳು ಹೇಳಿದಳು. ಯಾರಿಗೂ ತಲೆಗೆ ಹೋಗಲಿಲ್ಲ. ಕೊನೆಗೆ ಒಬ್ಬರು ಬಿಡಿಸಿ ಹೇಳಿದರು. "ಮೆಣಸಿನ ಬಳ್ಳಿ ಗುತ್ತಿಗೆಗೆ ಕೊಡುವುದಿಲ್ಲವಾ, ಹಾಗೆ. ಬಳ್ಳಿ ನಮ್ಮದು, ಮರ ನಮ್ಮದು. ಏಣಿ ಅವರದು, ಕಾಳು ಅವರದು. ಕೊಯ್ದು ಹೋಗುವಾಗ ಮನೆ ಖರ್ಚಿಗೆ ಇರಲಿ ಅಂತ ಅರ್ಧ ಕೆಜಿ ನಮ್ಮ ಕೈಗೇ ಹಾಕಿ ಹೋಗುತ್ತಾರಲ್ಲ, ಅದೇ ಸಮುದಾಯ ನಿಧಿ." ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ಇನ್ನು ಸಭೆ ಗಂಭೀರವಾಗುತ್ತದೆ ಅಂತ ನಾನು ಅಂದುಕೊಂಡೆ. ಆದದ್ದೇ ಬೇರೆ. ಆ ಅರ್ಧ ಕೆಜಿ ಹಂಚುವುದು ಹೇಗೆ ಅಂತ ಗಲಾಟೆ ಶುರುವಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರೆ. ಇಲ್ಲಿ ಬಸುರಿಯೂ ನಮ್ಮ ಮನೆಯವಳಲ್ಲ.

ಒಬ್ಬರಿಗೆ ಹಾಕಿ ಮೈದಾನ ಬೇಕು. ಇನ್ನೊಬ್ಬರಿಗೆ ಆನೆ ಕಂದಕ. ಆಂಬುಲೆನ್ಸ್ ಅಂದ ನರ್ಸಮ್ಮನಿಗೆ ಕೂತ್ಕೊಳ್ಳಿ ಅಂದರು. ಜಾಸ್ತಿ ಓಟು ಬಿದ್ದದ್ದು ಸಮುದಾಯ ಭವನಕ್ಕೆ. ನಮ್ಮ ಪಂಚಾಯಿತಿಯಲ್ಲಿ ಈಗಾಗಲೇ ಮೂರು ಸಮುದಾಯ ಭವನ ಇವೆ. ಒಂದಕ್ಕೆ ಬಾಗಿಲಿಲ್ಲ. ಒಂದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲ. ಮೂರನೆಯದರಲ್ಲಿ ಕಾಫಿ ಚೀಲ ಪೇರಿಸಿದ್ದಾರೆ. ಆದರೆ ಬಂದರಿನ ದುಡ್ಡಿನ ಭವನ ಅಂದರೆ ಅದರ ಗತ್ತೇ ಬೇರೆ ಅಲ್ವಾ? ಒಬ್ಬ ಹುಡುಗ ಅದನ್ನು ಹಡಗಿನ ಆಕಾರದಲ್ಲೇ ಕಟ್ಟಬೇಕು ಅಂದ. ಮೇಲೆ ಚಪ್ಪಟೆ ಡೆಕ್ ಇರುತ್ತದಂತೆ. ನಮ್ಮ ಜುಲೈ ಮಳೆಗೆ ಚಪ್ಪಟೆ ಸೂರು! ಒಂದೇ ವರ್ಷದಲ್ಲಿ ಅದು ನಿಜವಾಗಿಯೂ ತೇಲುತ್ತದೆ.

ಅಡುಗೆಮನೆ ವಿಷಯಕ್ಕೆ ಅರ್ಧ ಗಂಟೆ ಹೋಯಿತು. ಪಂದಿ ಕರಿ ಮಾಡುವ ಅಡುಗೆಮನೆಯಲ್ಲಿ ನಮ್ಮ ಮದುವೆ ಊಟ ಹೇಗೆ ಮಾಡುವುದು ಅಂತ ಒಂದು ಕಡೆಯವರು. ಪಂದಿ ಕರಿ ಮಾಡದ ಭವನ ಯಾಕೆ ಬೇಕು ಅಂತ ಇನ್ನೊಂದು ಕಡೆಯವರು. ಎರಡು ಅಡುಗೆಮನೆ, ನಡುವೆ ಗೋಡೆ ಅಂತ ರಾಜಿಯಾಯಿತು. ಗೋಡೆ ಎಷ್ಟು ದಪ್ಪ ಅನ್ನುವುದನ್ನು ಉಪಸಮಿತಿಗೆ ಬಿಟ್ಟರು. ನೆಲಕ್ಕೆ ರೆಡ್ ಆಕ್ಸೈಡಾ, ಟೈಲ್ಸಾ ಅನ್ನುವುದಕ್ಕೆ ಕೈ ಎತ್ತಿಸಿದರು. ಟೈಲ್ಸ್ ಗೆದ್ದಿತು. ಬಂದರನ್ನು ಖಾಸಗಿಗೆ ಕೊಡಬಹುದೋ ಬೇಡವೋ ಅನ್ನುವುದಕ್ಕೆ ಯಾರೂ ಕೈ ಎತ್ತಿಸಲಿಲ್ಲ.

ಸಮಿತಿಯೂ ಆಯಿತು. ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಕಾರ್ಯದರ್ಶಿ. ಖಜಾಂಚಿ ಹುದ್ದೆಗೆ ಐದು ಜನ ನಿಂತರು. ಖಜಾನೆಯಲ್ಲಿ ಆಗ ಇದ್ದದ್ದು ಕಾಫಿಗೆ ಎತ್ತಿದ ದುಡ್ಡಿನಲ್ಲಿ ಉಳಿದ 140 ರೂಪಾಯಿ.

ಇಷ್ಟರ ಮಧ್ಯೆ ಎರಡು ಎಕರೆಯಲ್ಲಿ ರೋಬಸ್ಟಾ ಕಾಫಿ ಬೆಳೆಯುವ ಅಜ್ಜ ಒಬ್ಬರು ಮೂರು ಸಲ ಎದ್ದು ನಿಂತಿದ್ದರು. ಮೂರು ಸಲವೂ ಕೂರಿಸಿದ್ದರು. ನಾಲ್ಕನೆಯ ಸಲ ಮೈಕ್ ಕೇಳದೆ ಮಾತಾಡಿದರು.

"ಖಾಸಗಿ ಅಂದರೆ ಹೆದರುವವನಲ್ಲ ನಾನು. ಬೆಳೆದದ್ದನ್ನು ಕಾಫಿ ಬೋರ್ಡಿಗೇ ಕೊಡಬೇಕಿದ್ದ ಪೂಲ್ ಕಾಲ ನೋಡಿದ್ದೇನೆ. ಕಾಫಿ ಬೋರ್ಡಿಗೆ ಸುರಿದು ಬಂದರೆ ದುಡ್ಡು ಕಂತಿನಲ್ಲಿ ಬರುತ್ತಿತ್ತು. ಕೊನೇ ಕಂತು ಬರುವಾಗ ಮುಂದಿನ ಹೂ ಬಿಟ್ಟಿರುತ್ತಿತ್ತು. 1996ರಲ್ಲಿ ಬೇಕಾದವರಿಗೆ ಮಾರಿಕೊಳ್ಳಿ ಅಂತ ಪೂರ್ತಿ ಬಿಟ್ಟುಕೊಟ್ಟರು, ಒಳ್ಳೆಯದೇ ಆಯಿತು. ಆದರೆ ಆಗ ಕೊಳ್ಳುವವರು ಹತ್ತು ಜನ ಬಂದರು. ಒಬ್ಬನ ರೇಟು ಸರಿ ಬರದಿದ್ದರೆ ಇನ್ನೊಬ್ಬನ ಅಂಗಡಿಗೆ ಹೋದೆವು. ಬಂದರು ಹಾಗಾ? ಕಂಟೇನರ್ ಎತ್ತಿ ಹಡಗಿಗೆ ಇಡುವ ಕಟ್ಟೆ ಒಬ್ಬನ ಕೈಲಿದ್ದರೆ ಅವನು ಹೇಳಿದ್ದೇ ರೇಟು. ಆ ರೇಟು ಹಾಕುವವರು ಯಾರು? ಅಷ್ಟು ಹೇಳಿ."

ಸಿಎ ಹುಡುಗಿ ಕೂತಲ್ಲಿಂದಲೇ ಹೇಳಿದಳು. ಮೊದಲು ದೊಡ್ಡ ಬಂದರುಗಳ ದರ ನಿಗದಿಗೆ ಅಂತಲೇ ಒಂದು ಪ್ರಾಧಿಕಾರ ಇತ್ತು. 2021ರ ಬಂದರು ಕಾಯ್ದೆ ಅದರ ಕೈಯಿಂದ ಆ ಅಧಿಕಾರ ತೆಗೆಯಿತು. ಹೊಸದಾಗಿ ಗುತ್ತಿಗೆ ಹಿಡಿದವರು ಮಾರುಕಟ್ಟೆ ನೋಡಿಕೊಂಡು ದರ ಹಾಕಬಹುದು.

"ಹಾಗಾದರೆ ಲೆಕ್ಕ ಕೇಳಿ" ಅಂದರು ಅಜ್ಜ. "ಇಪ್ಪತ್ತು ಅಡಿ ಕಂಟೇನರ್‌ಗೆ 60 ಕೆಜಿಯ 320 ಚೀಲ ಹಿಡಿಯುತ್ತದೆ. ಹತ್ತೊಂಬತ್ತು ಸಾವಿರ ಕೆಜಿ ಚಿಲ್ಲರೆ. ಅಲ್ಲಿ ಒಂದು ಕಂಟೇನರ್‌ಗೆ ಹತ್ತು ಸಾವಿರ ಏರಿಸಿದರೆ ಕೆಜಿಗೆ ಅರ್ಧ ರೂಪಾಯಿ ಆಯಿತು. ರಫ್ತು ಮಾಡುವವನು ಕೈಯಿಂದ ಹಾಕುತ್ತಾನಾ? ಇಲ್ಲಿ ನನ್ನ ಚೀಲದ ರೇಟಿನಲ್ಲಿ ಹಿಡಿಯುತ್ತಾನೆ. ಹಿಡಿದದ್ದು ನನಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಭವನದ ಟೈಲ್ಸ್ ಮಾತ್ರ ಎಲ್ಲರಿಗೂ ಕಾಣುತ್ತದೆ."

ಸಭೆ ಒಂದು ಕ್ಷಣ ತಣ್ಣಗಾಯಿತು. ಸುಬೇದಾರರು ಕನ್ನಡಕ ಏರಿಸಿ ಆಮಂತ್ರಣ ಪತ್ರಿಕೆ ನೋಡಿದರು. "ಇದು ಒಳ್ಳೆಯ ವಿಷಯ. ಕೊನೆಯಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅಂತ ಇದೆ. ಅಲ್ಲಿ ತೆಗೆದುಕೊಳ್ಳೋಣ" ಅಂದರು. ಅಷ್ಟೊತ್ತಿಗೆ ಕರೆಂಟ್ ಹೋಯಿತು. ಮೈಕ್ ನಿಂತಿತು. ಇತರೆ ವಿಷಯಗಳು ಬರಲೇ ಇಲ್ಲ. ವಂದನಾರ್ಪಣೆ ಮಾತ್ರ ಮೈಕ್ ಇಲ್ಲದೆಯೂ ನಡೆಯಿತು.

ಮೊನ್ನೆ ಸಮಿತಿಯವರು ಮನೆಗೆ ಬಂದು 500 ರೂಪಾಯಿ ರಸೀದಿ ಹರಿದರು. ಯಾತಕ್ಕೆ ಅಂತ ಕೇಳಿದೆ. ಫ್ಲೆಕ್ಸ್, ರಬ್ಬರ್ ಸ್ಟಾಂಪ್, ಮಂಗಳೂರಿಗೆ ನಿಯೋಗ ಹೋಗುವ ಜೀಪಿನ ಡೀಸೆಲ್. ಮತ್ತೆ ಭವನದ ಉದ್ಘಾಟನಾ ಕಲ್ಲಿಗೆ ಮುಂಗಡ. ಕಲ್ಲು ಈಗಲೇ ಯಾಕೆ ಅಂದರೆ, ಮಳೆ ಹಿಡಿದರೆ ಕೆತ್ತುವವನು ಸಿಗುವುದಿಲ್ಲವಂತೆ.

ಅಜ್ಜನ ಹತ್ತಿರವೂ 500 ತೆಗೆದುಕೊಂಡಿದ್ದಾರೆ. ರಸೀದಿಯಲ್ಲಿ ಅವರ ಹೆಸರು ತಪ್ಪು ಬರೆದಿದ್ದಾರೆ.

ನಿನ್ನೆ ಸಂಜೆ ಕಾರ್ಯದರ್ಶಿಯ ಜೊತೆ ಅಂಗಡಿ ಜಗಲಿಯಲ್ಲಿ ಕೂತಿದ್ದಾಗ ಕಲ್ಲು ಕೆತ್ತುವವನ ಫೋನ್ ಬಂತು.

"ಸಾರ್, ಮೇಲಿನ ಸಾಲು ಮುಗಿಯಿತು. 'ಬಂದರು' ಅಂತ ಕೆತ್ತಿದ್ದೇನೆ. ಯಾರು ಅಂತ ಹೇಳಿದರೆ ಕೆಳಗಿನದೂ ಮುಗಿಸ್ತೇನೆ."

"ಆ ಜಾಗ ಖಾಲಿ ಬಿಡು" ಅಂದರು ಕಾರ್ಯದರ್ಶಿ. "ಸ್ವಲ್ಪ ದೊಡ್ಡದಾಗಿಯೇ ಬಿಡು."