‘ಅಡ್ಡಿಲ್ಲ’ ಅಂದವನಿಗೆ ಎಷ್ಟು ಅಡ್ಡಿ?

ನಮ್ಮ ಉತ್ತರ ಕನ್ನಡದಲ್ಲಿ ಒಪ್ಪಿಗೆ ಎಂದರೆ ‘ಅಡ್ಡಿಲ್ಲ’. ಲಿಬರ್ಟೇರಿಯನ್ ವಾದದ ತಿರುಳೂ ಇದೇ: ಯಾರೂ ಅಡ್ಡ ಬರದಿದ್ದರೆ ಅದೇ ಸ್ವಾತಂತ್ರ್ಯ. ಹೊಡೆತವಿಲ್ಲ, ಮೋಸವಿಲ್ಲ, ಆಳೂ ಅಡ್ಡಿಲ್ಲ ಅಂದ, ಯಜಮಾನರೂ ಅಂದರು. ಇನ್ನು ಕೂಲಿ ಇಷ್ಟಿರಲಿ, ಗಂಟೆ ಇಷ್ಟಿರಲಿ ಅನ್ನಲು ಸರ್ಕಾರ ಯಾರು?

ಕೇಳಲು ಚೆಂದ. ಮೀನುಗಾರಿಕೆ ಬೋಟಿನ ಆಳುಗಳಿಗೆ ಕೊಡುವ ಮುಂಗಡದ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ.

ಉದಾಹರಣೆಗೆ, ಆಗಸ್ಟ್‌ನಲ್ಲಿ ಖಲಾಸಿಯೊಬ್ಬ (ಬೋಟಿನ ಆಳು) 60,000 ರೂಪಾಯಿ ಮುಂಗಡ ತೆಗೆದ ಅಂತಿಟ್ಟುಕೊಳ್ಳಿ. ತಿಂಗಳಿಗೆ 4,000 ಮುರಿದುಕೊಳ್ಳುವ ಮಾತು. ಸೀಸನ್ ಹತ್ತೇ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೇ ಕೊನೆಗೆ 40,000 ತೀರಿ 20,000 ಉಳಿಯಿತು. ಅಷ್ಟರಲ್ಲಿ ಮಾಡು ಹೊದಿಸಬೇಕು, ಮಕ್ಕಳ ಫೀಸು, ಎರಡು ತಿಂಗಳ ಅಕ್ಕಿ. ಮತ್ತೆ 40,000 ತೆಗೆದರೆ ಸಾಲ ಹೊರಟಲ್ಲಿಗೇ ಬಂದು ನಿಂತಿತು. (ನಿಷೇಧ ಹೇರಿದ್ದು ಸರ್ಕಾರವೇ ಅಲ್ಲವೇ ಎಂದು ವಾದಿಸಬಹುದು. ನಿಷೇಧ ಇಲ್ಲದಿದ್ದರೂ ಆಷಾಢದ ಕಡಲಿಗೆ ಬೋಟು ಇಳಿಸುವವರು ಯಾರು ಮಾರಾಯ್ರೆ?)

ಇಷ್ಟಾದರೂ ಇದು ಬರೀ ಸಾಲ. ತೊಡಕು ಬರುವುದು ಮಧ್ಯ ಸೀಸನ್ನಿನಲ್ಲಿ, ಪಕ್ಕದ ಬೋಟು ನಡೆಸುವ ತಂಡೇಲ ಹೆಚ್ಚು ಪಾಲು ಕೊಡುತ್ತೇನೆ ಅಂದಾಗ. ಯಜಮಾನರು ‘ಬಾಕಿ ತೀರಿಸಿ ಹೋಗು’ ಅಂದರೆ ಮುಗಿಯಿತು. ಹೊಸ ಯಜಮಾನರೇ ಬಾಕಿ ಕಟ್ಟಿ ಕರೆದುಕೊಂಡರೂ ಸಾಲ ಬೋಟು ಬದಲಿಸಿತು ಅಷ್ಟೇ. ಬಾಕಿ ಎಷ್ಟೆಂಬುದು ಯಜಮಾನರ ನೋಟ್‌ಬುಕ್ಕಿನಲ್ಲಿ ಮಾತ್ರ ಇದ್ದರೆ, ಕರೆತಂದ ಏಜೆಂಟನ ಕಮಿಷನ್ನು, ಒಡಿಶಾದಿಂದ ಬಂದ ರೈಲು ಚಾರ್ಜು ಯಾವಾಗ ಅದರೊಳಗೆ ಸೇರಿತು ಎಂದು ಗೊತ್ತಾಗುವುದೇ ಇಲ್ಲ. ಹೀಗಾಗಿ ಸೇರುವ ದಿನದ ‘ಅಡ್ಡಿಲ್ಲ’ಕ್ಕಿಂತ ಬಿಡುವ ದಿನ ಏನಾಗುತ್ತದೆ ಎಂಬುದನ್ನು ನಾನು ಮೊದಲು ಕೇಳುತ್ತೇನೆ.

ಇದಕ್ಕೆ ಎದುರಾಗಿ ಶಿರಸಿ ಕಡೆಯ ಕೊನೆಗೌಡನನ್ನು, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ಆಳನ್ನು ನೋಡಿ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಮದ್ದು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೀಗೆ ಕಲಸಿದ ಬೋರ್ಡೋ ದ್ರಾವಣವನ್ನು ಅಂದೇ ಹೊಡೆಯಬೇಕು, ಇಟ್ಟರೆ ಕೆಡುತ್ತದೆ. ಬ್ಯಾರಲ್ ತುಂಬಿಸಿಟ್ಟುಕೊಂಡು ಮೋಡ ನೋಡುತ್ತ ಕೂತ ತೋಟದವರ ಎದುರು ಕೊನೆಗೌಡನ ಮಾತಿಗೆ ತೂಕವಿದೆ. ಮರದಿಂದ ಮರಕ್ಕೆ ದಾಟಬಲ್ಲವರು ಕಡಿಮೆ, ಕರೆಯುವ ತೋಟಗಳು ಹತ್ತಾರು. ಅವನ ಮಟ್ಟಿಗೆ ಲಿಬರ್ಟೇರಿಯನ್ ಲೆಕ್ಕ ಸರಿಯಾಗಿಯೇ ಇದೆ, ಮರದಿಂದ ಬೀಳುವ ತನಕ. ನೆಲದಲ್ಲೇ ನಿಂತು ಕೆಲಸ ಮುಗಿಸುವ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದ ಮೇಲೆ ಆ ತೂಕ ಎಷ್ಟು ಕಾಲ ಉಳಿಯುತ್ತದೋ ನೋಡಬೇಕು.

ಲಿಬರ್ಟೇರಿಯನ್ನರಿಗೆ ಸಲ್ಲಬೇಕಾದದ್ದು ಸಲ್ಲಲಿ. ಕೆಲಸಗಾರನ ಕಾಲಿಗೆ ಸರಪಳಿ ಹಾಕಿದ್ದು ಎಷ್ಟೋ ಸಲ ಸರ್ಕಾರವೇ. 1859ರ ಬ್ರಿಟಿಷ್ ಕಾಯ್ದೆಯೊಂದರ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರು ಜೈಲಿಗೂ ಕಳಿಸಬಹುದಿತ್ತು. ಅದನ್ನು ರದ್ದು ಮಾಡಲು 1925ರ ತನಕ ಕಾಯಬೇಕಾಯಿತು. ತಮಾಷೆಯೆಂದರೆ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಮೂವತ್ತೈದು ವರ್ಷ ದುಡಿದಿದ್ದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್, ತನ್ನನ್ನೇ ಗುಲಾಮನಾಗಿ ಮಾರಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ ಎಂದು ಬರೆದದ್ದೂ ಅದೇ 1859ರಲ್ಲಿ. 1974ರಲ್ಲಿ ಅಮೆರಿಕದ ಲಿಬರ್ಟೇರಿಯನ್ ತತ್ವಜ್ಞಾನಿ ನೋಜಿಕ್ ಮಾತ್ರ, ಮುಕ್ತ ವ್ಯವಸ್ಥೆಯಲ್ಲಿ ಅದಕ್ಕೂ ಅವಕಾಶ ಇರುತ್ತದೆ ಎಂದ. ಅಡ್ಡಿಲ್ಲ ಅಂದವನು ಆಮೇಲೆ ಎಂದೂ ‘ಒಲ್ಲೆ’ ಅನ್ನುವಂತಿಲ್ಲ ಎಂಬಲ್ಲಿಗೆ ಈ ಸಿದ್ಧಾಂತ ಬಂದು ನಿಂತರೆ ನಾನು ಮಿಲ್ ಕಡೆ.

ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ಕೆಲಸಕ್ಕೆ ದಾರಿ ಮಾಡಿತು. ವಾರದ ಮಿತಿ 48 ಗಂಟೆಯೇ ಇತ್ತು, ಕೆಲಸಗಾರ ಬರೆದು ಒಪ್ಪಬೇಕು ಎಂಬ ಷರತ್ತೂ ಇತ್ತು. ಸಹಿ ಹಾಕದವನನ್ನು ನಾಳೆಯೂ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ, ಆ ಸಹಿಯ ಬೆಲೆ ಅಷ್ಟೇ. ಮುಕ್ತ ಮಾರುಕಟ್ಟೆಯ ದೊಡ್ಡ ವಕೀಲನೆನಿಸಿದ ಅರ್ಥಶಾಸ್ತ್ರಜ್ಞ ಹಯೆಕ್ ಕೂಡ ಕೆಲಸದ ಗಂಟೆಗೆ ಮಿತಿ ಹಾಕುವುದನ್ನು ತಪ್ಪೆನ್ನಲಿಲ್ಲ. ಅವನ ಹೆಸರು ಹೇಳುವವರು ಇದನ್ನು ಮರೆಯುತ್ತಾರೆ.

ಮುಂಗಡವೇ ಬೇಡ ಅನ್ನುವುದು ಹೊಟ್ಟೆ ತುಂಬಿದವರ ಮಾತು. ಮಳೆಗಾಲದಲ್ಲಿ ಯಾವ ಬ್ಯಾಂಕು ಖಲಾಸಿಗೆ ಸಾಲ ಕೊಡುತ್ತದೆ? ಆದರೆ ಕೊಡುವ ದಿನವೇ ಮೊತ್ತ, ತಿಂಗಳ ಮುರಿತ, ಮಧ್ಯೆ ಬಿಟ್ಟರೆ ಬಾಕಿಯನ್ನು ಕಂತಿನಲ್ಲಿ ತೀರಿಸಬಹುದು ಎಂಬ ಮಾತು, ಮೂರನ್ನೂ ಅವನಿಗೆ ಓದಲು ಬರುವ ಭಾಷೆಯಲ್ಲಿ ಬರೆದು ಕೊಡಿ. ತಿಂಗಳು ತಿಂಗಳು ಬಾಕಿ ಬರೆದ ಪುಟದ ಫೋಟೊ ಅವನ ಮೊಬೈಲಿಗೆ ಹೋಗಲಿ. ಆಧಾರ್ ಕಾರ್ಡು ಅವನ ಹತ್ತಿರವೇ ಇರಲಿ.

ಮುಂಗಡ ಕೊಟ್ಟು, ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಕಿತ್ತುಕೊಂಡರೆ 1976ರ ಕಾಯ್ದೆ ಪ್ರಕಾರ ಅದು ಜೀತ. ಕೂಲಿ ಚೆನ್ನಾಗಿ ಕೊಡುತ್ತಿದ್ದೆವು ಅನ್ನುವುದು ಇದಕ್ಕೆ ಉತ್ತರವಾಗದು. ಅರ್ಜಿ ಕೊಡಬೇಕಾದ್ದು ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ. ನೋಟ್‌ಬುಕ್ಕಿನ ಫೋಟೊ ಇಲ್ಲವೆಂದು ಹಿಂಜರಿಯಬೇಕಿಲ್ಲ: ಅದು ಜೀತದ ಸಾಲವಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವರದ್ದು.