ಲಿಪ್‌ಸ್ಟಿಕ್ಕಿನ ಮೊಲಕ್ಕೆ ಎಷ್ಟು ಕಾಲು?

ಹೋಳಿಗೆ ನಾಲ್ಕು ದಿನ ಇರುವಾಗ ಅಣ್ಣನ ಮಗಳು ಬೆಂಗಳೂರಿನಿಂದ ಬಾಗಲಕೋಟೆಗೆ ಬಂದಳು. ಬಂದವಳು ಕೈಕಾಲು ತೊಳೆದು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ, ಸೀದಾ ನನ್ನ ಹೆಂಡತಿಯ ಕನ್ನಡಿಯ ಮುಂದಿದ್ದ ಡಬ್ಬಿಗಳ ತಪಾಸಣೆಗೆ ಕುಳಿತಳು. ಒಂದೊಂದನ್ನೇ ಎತ್ತಿ, ತಿರುಗಿಸಿ, ತಳ ನೋಡಿ ಎರಡು ಗುಂಪು ಮಾಡಿದಳು. ಎಡಗಡೆ ಹನ್ನೊಂದು, ಬಲಗಡೆ ಒಂದು.

"ಚಿಗವ್ವ, ಇವೆಲ್ಲ ಕ್ರೌರ್ಯದವು" ಎಂದಳು.

ಎಡಗಡೆಯ ಗುಂಪಿನಲ್ಲಿ ಹೆಂಡತಿಯ ಮದುವೆಯ ಕಾಲದ ಕುಂಕುಮದ ಭರಣಿಯೂ ಇತ್ತು. ಮೂವತ್ತು ವರ್ಷ ಹಣೆಗೆ ಹಚ್ಚಿಕೊಂಡದ್ದು ಕ್ರೌರ್ಯವೆಂದು ಗೊತ್ತಾದಾಗ ಅವಳು ನನ್ನನ್ನು ನೋಡಿದ ರೀತಿಗೆ, ಇದರಲ್ಲೂ ನನ್ನದೇ ತಪ್ಪಿರಬೇಕು ಎನಿಸಿತು. ಬಲಗಡೆ ಒಂಟಿಯಾಗಿ ನಿಂತದ್ದು ಹುಡುಗಿ ತಾನೇ ತಂದಿದ್ದ ಲಿಪ್‌ಸ್ಟಿಕ್. ಅದರ ಪೆಟ್ಟಿಗೆಯ ಮೇಲೆ ಜೋಳದ ಕಾಳಿನಷ್ಟು ಗಾತ್ರದ ಮೊಲವೊಂದು ಜಿಗಿಯುತ್ತಿತ್ತು.

"ಇದು ಕ್ರೌರ್ಯಮುಕ್ತ, ಕಾಕಾ. ಇದನ್ನು ಯಾವ ಪ್ರಾಣಿಯ ಮೇಲೂ ಪರೀಕ್ಷೆ ಮಾಡಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ನಡುವೆ ಬೆಳೆದವನು ನಾನು. ಪಂಚಾಂಗ ಓದುವ ಭೂತಗನ್ನಡಿ ತಂದು ಎಣಿಸಿದೆ. ನಿಜಕ್ಕೂ ಮೂರೇ ಇದ್ದವು. ನಾಲ್ಕನೆಯದು ಹೊಟ್ಟೆಯ ಕೆಳಗೆ ಮಡಚಿಕೊಂಡಿದೆ, ಜಿಗಿಯುವಾಗ ಹಾಗೆಯೇ ಇರುತ್ತದೆ ಎಂದು ಹುಡುಗಿ ಸಮರ್ಥಿಸಿದಳು. ಇರಬಹುದು. ಆದರೆ 'ಇದೆ, ಕಾಣುವುದಿಲ್ಲ' ಎಂಬ ಮಾತನ್ನು ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನ ಮುಂದೆ ಆಡಬಾರದು. ಮೂವತ್ತೆರಡು ವರ್ಷ ಸಹಕಾರಿ ಸಂಘಗಳ ಖಾತೆ ಪುಸ್ತಕ ತಿರುವಿದವನಿಗೆ ಮಡಚಿಟ್ಟ ಕಾಲು ಎಂದರೇನು ಎಂಬುದು ಚೆನ್ನಾಗಿ ಗೊತ್ತು.

ನಮ್ಮ ಜಿಲ್ಲೆಗೂ ಮೊಲಕ್ಕೂ ಹಳೆಯ ನಂಟು. ಮೊಲದ ಕಡೆಯಿಂದ ನೋಡಿದರೆ ಅಷ್ಟು ಸಿಹಿಯಾದ ನಂಟಲ್ಲ. ಮುಧೋಳದ ನಾಯಿ ಇಲ್ಲಿಯದೇ. ಆ ತೆಳ್ಳನೆಯ ಸೊಂಟ, ಉದ್ದ ಮೂತಿ, ಗಾಳಿ ಸೀಳುವ ಕಾಲುಗಳೆಲ್ಲ ಮೊಲದಂಥ ಬೇಟೆಯನ್ನು ಬಯಲಿನಲ್ಲಿ ಅಟ್ಟಿ ಹಿಡಿಯುವುದಕ್ಕೆಂದೇ ಬಂದವು. ಈಗ ಬೇಟೆಗೆ ಕಾನೂನಿನ ತಡೆಯಿದೆ. ನಾಯಿ ಸೈನ್ಯ ಸೇರಿದೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಕಾಣಿಸಿಕೊಂಡಿದೆ. ಅಟ್ಟಿದ್ದು ಅಂಚೆ ಚೀಟಿ ಏರಿತು, ಓಡಿದ್ದು ಲಿಪ್‌ಸ್ಟಿಕ್ ಏರಿತು. ಪಕ್ಕದ ಮನೆಯ ರಾಜಾ ಎಂಬ ಮುಧೋಳದ ನಾಯಿ ನಮ್ಮ ಕಟ್ಟೆಯ ಮೇಲೆ ಮಲಗಿ ಈ ಚರ್ಚೆಯನ್ನೆಲ್ಲ ಒಂದೇ ಕಿವಿಯಲ್ಲಿ ಕೇಳುತ್ತಿತ್ತು.

ಇಷ್ಟೊಂದು ಪ್ರಾಣಿಗಳಿರುವಾಗ ಮೊಲವೇ ಏಕೆ ಎಂದು ಹುಡುಗಿಯನ್ನು ಕೇಳಿದೆ. ಅವಳಿಗೆ ತಿಳಿದಿರಲಿಲ್ಲ, ನಾನೇ ಹುಡುಕಿ ಓದಿದೆ. 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದಲ್ಲಿದ್ದ ಜಾನ್ ಡ್ರೇಜ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ಪರೀಕ್ಷಾ ವಿಧಾನವನ್ನು ಪ್ರಕಟಿಸಿದರು. ಬಿಳಿ ಮೊಲದ ಒಂದು ಕಣ್ಣಿಗೆ ವಸ್ತುವನ್ನು ಹಾಕುವುದು, ಇನ್ನೊಂದು ಕಣ್ಣನ್ನು ಹೋಲಿಕೆಗೆ ಬಿಡುವುದು, ಕೆಂಪಾಯಿತೇ, ಬಾತಿತೇ, ಕಣ್ಣುಗುಡ್ಡೆ ಮಸುಕಾಯಿತೇ ಎಂದು ದಿನಗಟ್ಟಲೆ ನೋಡಿ ಅಂಕ ಕೊಡುವುದು. ಮೊಲ ಅಗ್ಗ, ಕಣ್ಣು ದೊಡ್ಡದು, ಸ್ವಭಾವ ಸಾಧು. ಅದಕ್ಕೆ ಕಣ್ಣೀರು ನಮಗಿಂತ ಕಡಿಮೆಯಾದ್ದರಿಂದ ಹಾಕಿದ ವಸ್ತು ಬೇಗ ತೊಳೆದು ಹೋಗುವುದೂ ಇಲ್ಲ. ಸಾಧುವಾಗಿದ್ದು, ಹೆಚ್ಚು ಅಳದೆ ಇರುವವರಿಗೆ ಸಿಗುವ ಬಹುಮಾನ ಎಂಥದ್ದು ಎಂಬುದನ್ನು ಮುಳುಗಿದ ಸಂಘಗಳ ಠೇವಣಿದಾರರ ಮುಖದಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ.

ಅದನ್ನು ಓದಿದ ರಾತ್ರಿ ಊಟ ಸೇರಲಿಲ್ಲ. ನಮ್ಮವ್ವ ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಮಸಿ ಹಿಡಿದು, ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದಳು. ಅದರ ಮೊದಲ ಪ್ರಯೋಗ ನಡೆಯುತ್ತಿದ್ದದ್ದು ನನ್ನ ಕಣ್ಣಿನ ಮೇಲೆ. ಇಬ್ಬರು ಕೈ ಹಿಡಿಯುತ್ತಿದ್ದರು, ಒಬ್ಬರು ತಲೆ ಹಿಡಿಯುತ್ತಿದ್ದರು. ಆದರೂ ನನಗೆ ಒದೆಯಲು ಕಾಲಿತ್ತು, ಅರಚಲು ಬಾಯಿತ್ತು, ಕೊನೆಗೆ ಬಾಯಿಗೆ ಬೆಲ್ಲವೂ ಬೀಳುತ್ತಿತ್ತು. ಹುಡುಗಿಯ ಸಿಟ್ಟಿಗೆ ಅರ್ಥವಿದೆ ಎಂದು ಆ ರಾತ್ರಿಯೇ ಒಪ್ಪಿಕೊಂಡೆ. ನನ್ನ ತಕರಾರು ಮೊಲದ ಮೇಲಲ್ಲ, ಮೊಲದ ಚಿತ್ರ ಬರೆಸಿದವರ ಮೇಲೆ.

ಮರುದಿನ ಇಬ್ಬರೂ ಹಳೆಯ ಊರಿನ ಬಳೆ ಅಂಗಡಿಗೆ ಹೋದೆವು. ಓಣಿಯ ತುದಿಯಲ್ಲಿ ಹುಡುಗರು ಹಲಗೆ ಕಾಯಿಸಿ ಬಾರಿಸುತ್ತಿದ್ದರು, ಕೂಗಿ ಮಾತನಾಡಬೇಕಿತ್ತು.

"ಕ್ರೌರ್ಯ ಇಲ್ಲದ ಲಿಪ್‌ಸ್ಟಿಕ್ ಇದೆಯೇ?" ಎಂದು ಹುಡುಗಿ ಕೇಳಿದಳು.

"ಎಷ್ಟರದ್ದು ಬೇಕು ತಂಗಿ? ಮೊಲ ಇಲ್ಲದ್ದು ಅರವತ್ತು, ಮೊಲ ಇರುವುದು ಎಂಬತ್ತು."

ಕರುಣೆಗೆ ಇಪ್ಪತ್ತು ರೂಪಾಯಿ. ದುಬಾರಿಯೇನಲ್ಲ. ಅವನು ಗಾಜಿನ ಮೇಲೆ ಸಾಲಾಗಿ ಹರಡಿದ. ಒಂದರ ಮೇಲೆ ಗಜ್ಜರಿ ತಿನ್ನುವ ಮೊಲ, ಇನ್ನೊಂದರ ಮೇಲೆ ಎರಡು ಕಿವಿ ಮಾತ್ರ, ಮತ್ತೊಂದರ ಮೇಲೆ ಹೃದಯದ ಆಕಾರದಲ್ಲಿ ಕುಳಿತ ಮೊಲ. ಒಂದನ್ನು ನಾನು ಕಾಂಗರೂ ಎಂದೆ. "ಅದರ ಅಣ್ಣ ಎಂದು ತಿಳಿಯಿರಿ ಸರ್" ಎಂದ. ಇನ್ನೊಂದರ ಮೇಲಿನ ಮೊಲದ ಅಂಚು ತುಸು ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಕೆರೆದೆ. ಮೊಲ ಇಡಿಯಾಗಿ ಎದ್ದು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿತು. ಅದರ ಕೆಳಗೆ ಹಳೆಯ ಬೆಲೆ ಇತ್ತು: ಐವತ್ತೈದು.

"ಮೇಲಿನಿಂದ ಹೀಗೆಯೇ ಬರುತ್ತದೆ ಸರ್" ಎಂದು ಅಂಗಡಿಯವನು ಆಕಾಶ ತೋರಿಸಿದ.

ಹೆಬ್ಬೆರಳಿನ ಮೊಲವನ್ನು ನೋಡುತ್ತಲೇ ನಾನು ಅವನಿಗೆ ಕಾನೂನು ಹೇಳಿದೆ. ಭಾರತದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಕ್ಕೆ 2014ರ ಮೇ ತಿಂಗಳಿನಲ್ಲೇ ನಿಷೇಧ ಬಂದಿದೆ. ಅದೇ ವರ್ಷದ ನವೆಂಬರಿನಿಂದ, ಆಮೇಲೆ ಪ್ರಾಣಿಗಳ ಮೇಲೆ ಪರೀಕ್ಷೆಯಾದದ್ದನ್ನು ಹೊರದೇಶದಿಂದ ತರುವುದಕ್ಕೂ ತಡೆಯಿದೆ. ದಕ್ಷಿಣ ಏಷ್ಯಾದಲ್ಲಿ ಈ ಕೆಲಸ ಮೊದಲು ಮಾಡಿದ್ದು ನಾವೇ. ಹಾಗಿರುವಾಗ ಇಲ್ಲಿಯೇ ತಯಾರಾದ ಡಬ್ಬಿಯ ಮೇಲೆ 'ನಾವು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದಿಲ್ಲ' ಎಂದು ಬಂಗಾರದ ಅಕ್ಷರದಲ್ಲಿ ಬರೆಯುವುದು, ಖಾನಾವಳಿಯವನು 'ನಮ್ಮಲ್ಲಿ ಗಿರಾಕಿಗಳ ಜೇಬು ಕತ್ತರಿಸುವುದಿಲ್ಲ' ಎಂದು ಫಲಕ ಹಾಕಿ ಊಟಕ್ಕೆ ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೇಳಿದ ಹಾಗೆ.

"ಫಲಕ ಇಲ್ಲದ ಖಾನಾವಳಿಗೆ ಹೋಗಲು ಈಗ ಹೆದರಿಕೆಯಾಗುತ್ತದೆ ನೋಡಿರಿ" ಎಂದ ಅಂಗಡಿಯವನು. ವ್ಯಾಪಾರದ ಶಾಸ್ತ್ರವನ್ನೆಲ್ಲ ಅವನು ಒಂದೇ ವಾಕ್ಯದಲ್ಲಿ ಮುಗಿಸಿದ್ದ.

ಮನೆಗೆ ಬಂದು ಹುಡುಗಿಯ ಲಿಪ್‌ಸ್ಟಿಕ್ಕಿನ ವಾಕ್ಯವನ್ನೇ ತಪಾಸಣೆಗೆ ತೆಗೆದುಕೊಂಡೆ. 'ನಮ್ಮ ಸಿದ್ಧ ಉತ್ಪನ್ನವನ್ನು ನಾವು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ, ಕಾನೂನು ಕಡ್ಡಾಯ ಮಾಡಿದಲ್ಲಿ ಹೊರತು.' ಎಂಥ ಚೆಂದದ ವಾಕ್ಯ! ನಮ್ಮ ಸಂಘಗಳ ಕಾರ್ಯದರ್ಶಿಗಳಿಗೆ ಇಂಥ ವಾಕ್ಯ ಬರೆಯಲು ಬಂದಿದ್ದರೆ ಅರ್ಧ ಜನ ಅಮಾನತಾಗುತ್ತಲೇ ಇರಲಿಲ್ಲ. 'ನಾವು' ಮಾಡುವುದಿಲ್ಲ, ಹಣ ಕೊಟ್ಟು ಬೇರೆಯವರಿಂದ ಮಾಡಿಸಿದರೆ? 'ಸಿದ್ಧ ಉತ್ಪನ್ನ'ವನ್ನು ಪರೀಕ್ಷಿಸುವುದಿಲ್ಲ, ಅದರೊಳಗಿನ ಮೇಣ, ಎಣ್ಣೆ, ಬಣ್ಣಗಳನ್ನು ಪೂರೈಸಿದವನು ಪರೀಕ್ಷಿಸಿದ್ದರೆ? ಕಾನೂನು ಕಡ್ಡಾಯ ಮಾಡಿದ ದೇಶಕ್ಕೆ ಹೋಗಿ ಮಾರಲೇಬೇಕು ಎಂದು ಇವರಿಗೆ ಯಾರು ಆಣೆ ಹಾಕಿದ್ದರು? ಚೀನಾದಲ್ಲಿ ಹೊರದೇಶದ ಸರಕಿಗೆ ವರ್ಷಗಟ್ಟಲೆ ಪ್ರಾಣಿ ಪರೀಕ್ಷೆ ಕಡ್ಡಾಯವಾಗಿತ್ತು. 2021ರ ಮೇ ತಿಂಗಳಿನಿಂದ ಸಾಮಾನ್ಯ ವಸ್ತುಗಳಿಗೆ ಷರತ್ತಿನ ಮೇಲೆ ವಿನಾಯಿತಿ ಸಿಕ್ಕಿದೆ. ಕೂದಲಿನ ಬಣ್ಣ, ಬಿಸಿಲಿಗೆ ಹಚ್ಚುವ ಲೇಪ, ಮೈ ಬಿಳಿ ಮಾಡುವ ಕ್ರೀಮು ಆ ವಿನಾಯಿತಿಯಲ್ಲಿ ಸೇರಿಲ್ಲ. ಯುರೋಪಿನವರು 2013ರಲ್ಲಿ ಪ್ರಾಣಿಗಳ ಮೇಲೆ ಪರೀಕ್ಷೆಯಾದ ಸೌಂದರ್ಯವರ್ಧಕಗಳ ಮಾರಾಟವನ್ನೇ ಪೂರ್ತಿ ನಿಲ್ಲಿಸಿದರು. ಆದರೆ ಕಾರ್ಖಾನೆಯ ಕೆಲಸಗಾರರ ಸುರಕ್ಷತೆಗಾಗಿ ಅದೇ ರಾಸಾಯನಿಕವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ ಎಂದು ಅಲ್ಲಿಯದೇ ಇನ್ನೊಂದು ಕಾನೂನು ಕೇಳಬಹುದು. ಮುಂಬಾಗಿಲಿಗೆ ಮಾವಿನ ತೋರಣ, ಹಿತ್ತಲ ಬಾಗಿಲಿಗೆ ಚಿಲಕವೇ ಇಲ್ಲ.

"ಹಾಗಾದರೆ ಯಾವುದನ್ನೂ ನಂಬಬಾರದೇ ಕಾಕಾ?" ಹುಡುಗಿಯ ದನಿ ಸಣ್ಣದಾಗಿತ್ತು.

ಹಾಗೇನಿಲ್ಲ. ಮೊಲಗಳಲ್ಲಿಯೂ ಜಾತಿ ಉಪಜಾತಿಗಳಿವೆ. ಲೀಪಿಂಗ್ ಬನ್ನಿ ಎಂಬ ಜಿಗಿಯುವ ಮೊಲದ ಮುದ್ರೆ ಬೇಕೆಂದರೆ, ಇಂಥ ತಾರೀಕಿನ ನಂತರ ಯಾವ ಹಂತದಲ್ಲಿಯೂ ಪರೀಕ್ಷೆಯಾಗಿಲ್ಲ ಎಂದು ಕಂಪನಿ ಒಪ್ಪಬೇಕು, ಪೂರೈಕೆದಾರರ ಮೇಲೆ ಕಣ್ಣಿಡಬೇಕು, ಹೊರಗಿನವರು ಬಂದು ದಾಖಲೆ ತೆರೆಯಿರಿ ಎಂದಾಗ ತೆರೆಯಬೇಕು. ತಾರೀಕು, ದಾಖಲೆ, ಹೊರಗಿನ ತಪಾಸಣೆ. ಓದುತ್ತಿದ್ದಂತೆ ನನಗೆ ಹಳೆಯ ಕಚೇರಿಯ ಮೇಜಿನ ವಾಸನೆ ಬಂದು ಕಣ್ಣು ಒದ್ದೆಯಾಯಿತು. ಇನ್ನು ಕೆಲವು ಮೊಲಗಳು ಮುಖ್ಯವಾಗಿ ಕಂಪನಿಯೇ ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ ಜಿಗಿಯುತ್ತವೆ. ಮೂರನೆಯ ಜಾತಿಯ ಮೊಲಕ್ಕೆ ತಂದೆತಾಯಿಗಳಿಲ್ಲ, ಮುದ್ರಣಾಲಯವೇ ಅದರ ಬಿಲ. ಹುಡುಗಿಯದು ಮೂರನೆಯದು. ಮುದ್ರೆಯವರ ಪಟ್ಟಿಯಲ್ಲಿ ಆ ಕಂಪನಿಯ ಹೆಸರನ್ನು ಅವಳೇ ಮೂರು ಸಲ ಹುಡುಕಿ, ಮೊಬೈಲನ್ನು ಮಗುಚಿ ಇಟ್ಟಳು.

ಬೇಸರ ಕಳೆಯಲೆಂದು ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯನ್ನು ಗಟ್ಟಿಯಾಗಿ ಓದಲು ಹೇಳಿದೆ. ಅದು ಇನ್ನೂ ತಪ್ಪಾಯಿತು. 'ಸಿಐ 75470' ಎಂದು ಓದಿದಳು. ಅದು ಕಾರ್ಮೈನ್ ಎಂಬ ಕೆಂಪು. ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಜಾತಿಯ ಹುಳುಗಳನ್ನು ಒಣಗಿಸಿ, ಪುಡಿ ಮಾಡಿ ತೆಗೆಯುವ ಬಣ್ಣ. ಪೆರು ದೇಶದಿಂದ ಹೆಚ್ಚಾಗಿ ಬರುತ್ತದೆ. ಲೆನೊಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು. ಹಸಿ ಕಂಬಳಿಯ ವಾಸನೆ ಗೊತ್ತಿರುವ ನಮ್ಮ ಕಡೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಇವೆಲ್ಲ ಇದ್ದರೂ ಕ್ರೌರ್ಯಮುಕ್ತವೇ, ಏಕೆಂದರೆ ಆ ಪದ ಕೇಳುವುದು ಪರೀಕ್ಷೆಯನ್ನು ಮಾತ್ರ. ಹುಳುಗಳ ಮೇಲೆ ಪರೀಕ್ಷೆ ಮಾಡಿಲ್ಲ ತಾನೇ? ಬರೀ ಅರೆದಿದ್ದಾರೆ.

ಅವಳ ಇನ್ನೊಂದು ಡಬ್ಬಿಯಲ್ಲಿ ಕೆನ್ನೆಗೆ ಹೊಳಪು ಕೊಡುವ ಪುಡಿಯಿತ್ತು. ಹೊಳಪು ಕಾಗೆಬಂಗಾರದ್ದು. ಜಾರ್ಖಂಡ್, ಬಿಹಾರದ ಕಡೆ ಕೈಬಿಟ್ಟ ಗಣಿಗಳ ಸುತ್ತ ಆ ಚೂರುಗಳನ್ನು ಆರಿಸುವವರಲ್ಲಿ ಶಾಲೆಯಲ್ಲಿ ಇರಬೇಕಾದ ಮಕ್ಕಳೂ ಇದ್ದಾರೆ ಎಂಬುದು ಹೊಸ ಸುದ್ದಿಯಲ್ಲ. ಮಕ್ಕಳ ಚಿತ್ರದ ಮುದ್ರೆ ಮಾತ್ರ ಈ ಡಬ್ಬಿಯ ಮೇಲಿಲ್ಲ. ಇನ್ನು ಮುಖ ಬೆಳ್ಳಗಾಗುವ ಕ್ರೀಮಿನವರು, ಕಪ್ಪಗಿದ್ದರೆ ನೌಕರಿಯಿಲ್ಲ, ಗಂಡಿಲ್ಲ ಎಂದು ನಮ್ಮ ಹೆಣ್ಣುಮಕ್ಕಳಿಗೆ ದಶಕಗಟ್ಟಲೆ ಟಿವಿಯಲ್ಲಿ ಹೇಳಿದರು. ಅದೂ ಕ್ರೌರ್ಯಮುಕ್ತವೇ. ಆ ಮಾತನ್ನು ಅವರು ಯಾವ ಮೊಲಕ್ಕೂ ಹೇಳಿಲ್ಲ.

ಅಷ್ಟರಲ್ಲಿ ಹೋಳಿ ಬಂತು. ಬಾಗಲಕೋಟೆಯ ಹೋಳಿ ಎಂದರೆ ಒಂದು ದಿನಕ್ಕೆ ಮುಗಿಯುವ ವ್ಯವಹಾರವಲ್ಲ. ಪೇಟೆ ಪೇಟೆಯ ಸರದಿಯಂತೆ ಬ್ಯಾರಲ್ಲುಗಳನ್ನು ಹೊತ್ತ ಬಣ್ಣದ ಬಂಡಿಗಳು ಬರುತ್ತವೆ, ಎದುರು ಸಿಕ್ಕವನು ಜಿಲ್ಲಾಧಿಕಾರಿಯೋ ಜವಾನನೋ ಎಂದು ಬಣ್ಣ ಕೇಳುವುದಿಲ್ಲ. ಈ ಊರಿನಲ್ಲಿ ಬಣ್ಣವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವ ಪದ್ಧತಿ ಮೊದಲಿನಿಂದಲೂ ಇಲ್ಲ, ಸೀದಾ ಮನುಷ್ಯರ ಮೇಲೆಯೇ. ಹುಡುಗಿಯೂ ಎಲ್ಲ ಮರೆತು ಕುಣಿದಳು. ಅಂಗಡಿಯಿಂದ ತಂದ ಹೋಳಿ ಬಣ್ಣದ ಪುಡಿಯ ಪೊಟ್ಟಣದ ಮೇಲೆ ಮೊಲವಿರಲಿ, ತಯಾರಿಸಿದವನ ಊರೂ ಇರಲಿಲ್ಲ.

ಹೀಗೆ ಅವಳು ಕುಣಿಯುತ್ತಿದ್ದಾಗ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದ ಲಿಪ್‌ಸ್ಟಿಕ್ಕನ್ನು ರಾಜಾ ತಿಂದುಹಾಕಿತು. ನಾನು ನೋಡುವ ಹೊತ್ತಿಗೆ ಕಡ್ಡಿ ಪೂರ್ತಿ ಹೊಟ್ಟೆ ಸೇರಿತ್ತು, ಪೆಟ್ಟಿಗೆಯನ್ನು ಎರಡು ಮುಂಗಾಲಿನ ನಡುವೆ ಹಿಡಿದು ಮೊಲವಿರುವ ಮೂಲೆಯನ್ನೇ ಕಡಿಯುತ್ತಿತ್ತು. ಎಷ್ಟೋ ತಲೆಮಾರಿನ ಬಾಕಿಯೊಂದನ್ನು ವಸೂಲಿ ಮಾಡಿಕೊಂಡ ಸಮಾಧಾನ ಅದರ ಮುಖದಲ್ಲಿತ್ತು. ಪಶುವೈದ್ಯರು ಬಂದು ನೋಡಿ, ಏನೂ ಆಗುವುದಿಲ್ಲ, ನೀರು ಕುಡಿಸಿ ಎಂದು ಹೇಳಿ, ಹೋಗುವಾಗ ತಾವೂ ಬಣ್ಣ ಹಾಕಿಸಿಕೊಂಡು ಹೋದರು.

ನನಗೆ ನಿದ್ದೆ ಬರಲಿಲ್ಲ. ಲೆಕ್ಕ ತಪಾಸಣೆಯ ಧರ್ಮವೊಂದಿದೆಯಲ್ಲ. ಬೆಳಿಗ್ಗೆ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಬರೆದೆ: 'ನಿಮ್ಮ ಸಿದ್ಧ ಉತ್ಪನ್ನದ ಒಂದು ಪೂರ್ಣ ಕಡ್ಡಿಯ ಪರೀಕ್ಷೆಯು ಹೋಳಿಯ ಎರಡನೆಯ ದಿನ ಬಾಗಲಕೋಟೆಯಲ್ಲಿ ರಾಜಾ ಎಂಬ ಮುಧೋಳ ತಳಿಯ ನಾಯಿಯ ಮೇಲೆ, ನಾಯಿಯ ಸ್ವಂತ ಇಚ್ಛೆಯಿಂದ ನಡೆದಿರುತ್ತದೆ. ಪರೀಕ್ಷಾರ್ಥಿ ಕ್ಷೇಮ. ಇನ್ನು ಮುಂದೆ ತಮ್ಮ ಪೆಟ್ಟಿಗೆಯ ಮೇಲಿನ ಮೊಲವನ್ನು ಉಳಿಸಿಕೊಳ್ಳುವಿರೋ ಹೇಗೆ, ತಿಳಿಸಿರಿ.'

ಎರಡೇ ನಿಮಿಷದಲ್ಲಿ ಉತ್ತರ ಬಂತು. ಅಷ್ಟು ಬೇಗ ನನಗೆ ಯಾವ ಕಚೇರಿಯೂ ಉತ್ತರಿಸಿರಲಿಲ್ಲ.

'ನಮಸ್ಕಾರ ರಾಜಾ ಅವರೇ! ನಿಮ್ಮ ಪ್ರೀತಿಗೆ ಧನ್ಯವಾದ. ನಮ್ಮ ಉತ್ಪನ್ನದೊಂದಿಗೆ ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ? ನಿಮ್ಮ ತುಟಿಗೆ ಒಪ್ಪುವ ಇನ್ನೂ ಆರು ಬಣ್ಣಗಳು ನಮ್ಮಲ್ಲಿವೆ.'

ಹುಡುಗಿ ಮೊಬೈಲನ್ನು ಕಟ್ಟೆಗೆ ಒಯ್ದು ರಾಜಾನ ಮುಂದೆ ಹಿಡಿದಳು. ಅದು ಮೂಸಿ ನೋಡಿ, ತನ್ನ ಕೆಂಪು ಮೂತಿಯನ್ನು ಇನ್ನೊಮ್ಮೆ ನೆಕ್ಕಿಕೊಂಡಿತು.